ಬಾಗಿಲ ಹೊಟ್ಟೆಯೊಳಗಿನ ಕೆಲಸ: ಪಿಕಪ್ ಗಾಡಿಯ ಒಡೆದ ಗಾಜು ಬದಲಿಸುವುದು, ಹಂತ ಹಂತವಾಗಿ

ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ತೋಟದ ಕಳೆ ಹೊಡೆಸುತ್ತಿದ್ದೆವು. ಪಿಕಪ್ಪನ್ನು ದರೆಯ ಪಕ್ಕ ನಿಲ್ಲಿಸಿ ಗೊಬ್ಬರದ ಚೀಲ ಇಳಿಸುತ್ತಿದ್ದಾಗ, ಕಳೆ ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕ ಕಡಲೆಕಾಳಿನಷ್ಟು ಕಲ್ಲೊಂದು ಹಾರಿ ಬಂತು. 'ಟಪ್' ಎಂದು ಸಣ್ಣ ಸದ್ದು, ಅಷ್ಟೇ. ಡ್ರೈವರ್ ಬಾಗಿಲ ಗಾಜು ಮೈತುಂಬ ಜೇಡರ ಬಲೆ ಹೊದ್ದಂತೆ ಬೆಳ್ಳಗಾಗಿ ಹಾಗೇ ನಿಂತಿತ್ತು. ಹತ್ತಿರ ಹೋಗಿ ಬಾಗಿಲು ತೆಗೆದದ್ದೇ ತಡ, ಕಲ್ಲುಸಕ್ಕರೆ ಚೀಲ ಬಿಚ್ಚಿದ ಹಾಗೆ ಸುರಿಯಿತು. ಅರ್ಧ ಸೀಟಿನ ಮೇಲೆ, ಅರ್ಧ ಬಾಗಿಲ ಒಳಗೆ.

ಪೇಟೆಯ ಟಿಂಕರಿಂಗ್ ಶೆಡ್ಡಿನ ಹಿರಿಯ ಮೇಸ್ತ್ರಿಗೆ ಫೋನ್ ಮಾಡಿದೆ. "ಗಾಜು ಕೂರಿಸೋದು ಹತ್ತು ನಿಮಿಷದ್ದು ಮಾರಾಯ. ಬಾಗಿಲ ಹೊಟ್ಟೆ ಕ್ಲೀನ್ ಮಾಡೋದೇ ಕೆಲಸ. ಅದನ್ನ ಮಾಡ್ತೀಯಾದ್ರೆ ನೀನೇ ಹಾಕ್ಕೊ" ಎಂದರು. ಹಾಕಿಕೊಂಡೆ. ಅರ್ಧ ದಿನ ಹಿಡಿಯಿತು. ಅವರ ಮಾತನ್ನು ಪೂರ್ತಿ ಕೇಳದೆ ಒಂದು ತಪ್ಪನ್ನೂ ಮಾಡಿದೆ, ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಬೊಲೆರೊ ಪಿಕಪ್, ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಸರಕು ಗಾಡಿಗಳಲ್ಲಿ, ಕೈಯಿಂದ ತಿರುಗಿಸಿ ಏರಿಸಿ ಇಳಿಸುವ ಬಾಗಿಲ ಗಾಜನ್ನು ಮೊದಲ ಸಲ ಬದಲಿಸಲು ಹೊರಟವರಿಗಾಗಿ ಈ ಬರಹ. ಸ್ಕ್ರೂ ಇರುವ ಜಾಗ, ಬೋಲ್ಟಿನ ಅಳತೆ ಗಾಡಿಯಿಂದ ಗಾಡಿಗೆ ಬದಲಾಗುತ್ತವೆ. ಕೆಲಸದ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಮುಂದಿನ ದೊಡ್ಡ ಗಾಜಿಗೆ ಇದು ಅನ್ವಯಿಸುವುದಿಲ್ಲ. ಜೆಸಿಬಿಯಂಥ ಯಂತ್ರಗಳ ಕ್ಯಾಬಿನ್‌ನಲ್ಲಿ ಅಂಟಿಸಿ ಕೂರಿಸಿದ ಗಾಜಿಗೂ ಇಲ್ಲ. ಅಂಟಿನ ಕೆಲಸಕ್ಕೆ ಬೇರೆ ಪಳಗಿದ ಕೈ ಬೇಕು.

ಮೊದಲು ಗಾಜಿನ ಸ್ವಭಾವ ತಿಳಿಯಿರಿ

ಗಾಡಿಯ ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹಾಗಾಗಿ ಒಡೆದರೂ ಬಿರುಕು ಬಿಟ್ಟುಕೊಂಡು ಅಲ್ಲೇ ನಿಲ್ಲುತ್ತದೆ. ಬಾಗಿಲ ಗಾಜು ಸಾಮಾನ್ಯವಾಗಿ ಒಂದೇ ಪದರದ ಟಫನ್ಡ್ ಗಾಜು. ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಹಾಯಿಸಿ ತಣಿಸಿದ್ದು. ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಮೇಲ್ಮೈಯನ್ನು ಬಿಗಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಮಾಮೂಲಿ ಗಾಜಿಗಿಂತ ಇದಕ್ಕೆ ನಾಲ್ಕೈದು ಪಟ್ಟು ಬಲ ಬರುವುದು ಈ ಬಿಗಿತದಿಂದಲೇ. ಎಲ್ಲಾದರೂ ಒಂದು ಕಡೆ ಆ ಬಿಗಿ ತಪ್ಪಿದರೆ ಒಳಗೆ ಕಟ್ಟಿಹಾಕಿದ್ದ ಒತ್ತಡವೆಲ್ಲ ಒಮ್ಮೆಗೇ ಬಿಟ್ಟು, ಇಡೀ ಗಾಜು ಸಣ್ಣ ಸಣ್ಣ ಹರಳಾಗುತ್ತದೆ. ಚೂರಿಯಂಥ ತುಂಡು ಬೀಳದಿರಲಿ ಎಂದೇ ಹಾಗೆ ಮಾಡಿರುವುದು.

ಇದರಿಂದ ಎರಡು ಮಾತು ನೆನಪಿಟ್ಟುಕೊಳ್ಳಿ. ಒಂದು, ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು, ಅಂಚು ಉಜ್ಜಲು ಬರುವುದಿಲ್ಲ. ಎರಡು, ಅದರ ಮೈ ಗಟ್ಟಿ, ಅಂಚು ನಾಜೂಕು. ಅಂಗೈಯಿಂದ ಮೈಗೆ ಬಡಿದರೆ ಏನೂ ಆಗದ ಗಾಜು, ಮೂಲೆ ಸಿಮೆಂಟ್ ನೆಲಕ್ಕೆ ತಾಗಿದರೆ ಪುಡಿಯಾದೀತು.

ಏನೇನು ಬೇಕು

ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, 8, 10, 12ರ ಬಾಕ್ಸ್ ಸ್ಪ್ಯಾನರ್, ಟಾರ್ಚ್, ಮಕ್ಕಳ ಹಳೆಯ ಪ್ಲಾಸ್ಟಿಕ್ ಸ್ಕೇಲ್ ಒಂದು, ಅಗಲದ ಟೇಪು, ಹಳೆಯ ಹತ್ತಿ ಬಟ್ಟೆ, ಸಣ್ಣ ಬ್ರಷ್, ಸೋಪಿನ ನೀರು, ಎರಡು ಗೋಣಿಚೀಲ, ಸಿಕ್ಕಿದರೆ ವ್ಯಾಕ್ಯೂಮ್ ಕ್ಲೀನರ್. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಹವಾಯಿ ಚಪ್ಪಲಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಗಾಜು ಇಳಿಸುವ ಹೊತ್ತಿಗೆ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಹಂತ 1: ಏನನ್ನೂ ಮುಟ್ಟುವ ಮುಂಚೆ ಫೋಟೊ

ಒಡೆದ ಗಾಜನ್ನು ಹೊರಗಿನಿಂದ, ಒಳಗಿನಿಂದ, ಗಾಡಿಯ ನಂಬರ್ ಕಾಣುವ ಹಾಗೆ ಫೋಟೊ ತೆಗೆಯಿರಿ. ವಿಮೆ ಕ್ಲೇಮ್ ಮಾಡುವ ಯೋಚನೆ ಇದ್ದರೆ ಗಾಜು ಗುಡಿಸುವ ಮುಂಚೆಯೇ ಕಂಪನಿಗೆ ತಿಳಿಸಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಗಾಜಿನ ದುಡ್ಡು ಬರುವುದಿಲ್ಲ. ಸ್ವಂತ ಹಾನಿಗೂ ವಿಮೆ ಇದ್ದರೆ ಒಂದು ಲೆಕ್ಕ ಹಾಕಿ. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿತ. ಆದರೆ ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ಸಿಗೆ ಪೆಟ್ಟು. ಬಾಗಿಲ ಒಂದು ಗಾಜಿನ ಖರ್ಚನ್ನೂ ಹೋಗಲಿರುವ ಬೋನಸ್ಸನ್ನೂ ತೂಗಿ ನೋಡಿದರೆ ಎಷ್ಟೋ ಸಲ ಕೈಯಿಂದ ಹಾಕುವುದೇ ಲಾಭ. ಕಳ್ಳರು ಒಡೆದದ್ದಾದರೆ ಮೊದಲು ಪೊಲೀಸ್ ಠಾಣೆಗೆ ದೂರು ಕೊಡಿ.

ಹಂತ 2: ಸರಿಯಾದ ಗಾಜು ತರುವುದು

ಅಂಗಡಿಗೆ ಹೋಗುವಾಗ ಆರ್‌ಸಿಯ ಪ್ರತಿ ಕೈಯಲ್ಲಿರಲಿ. ಮಾಡೆಲ್, ತಯಾರಾದ ವರ್ಷ, ಎಡವೋ ಬಲವೋ, ಕೈಯಲ್ಲಿ ತಿರುಗಿಸುವುದೋ ಪವರ್ ವಿಂಡೋವೋ, ಬಿಳಿ ಗಾಜೋ ತಿಳಿಹಸಿರೋ, ಕೆಳಗೆ ತೂತು ಇರುವುದೋ ಇಲ್ಲದ್ದೋ, ಇಷ್ಟನ್ನೂ ಹೇಳಬೇಕು. ಬಾಗಿಲ ಗಾಜಿಗೆ ಸಾಮಾನ್ಯವಾಗಿ ಸಣ್ಣ ಬಾಗು ಇರುವುದರಿಂದ ಎಡಗಡೆಯದ್ದು ಬಲಗಡೆಗೆ ಕೂರುವುದಿಲ್ಲ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ. ಊರ ಕಡೆಯವರು ತಾಲ್ಲೂಕು ಕೇಂದ್ರದ ಆಟೊ ಗ್ಲಾಸ್ ಅಂಗಡಿಯಲ್ಲಿ ಹೇಳಿಟ್ಟರೆ ತರಿಸಿಕೊಡುತ್ತಾರೆ.

ಗಾಜು ಕೈಗೆ ಬಂದ ಕೂಡಲೇ ಮೂಲೆಯ ಮುದ್ರೆ ನೋಡಿ. ನಮ್ಮಲ್ಲಿ ಗಾಡಿಗಳ ಸುರಕ್ಷಾ ಗಾಜಿಗೆ ಐಎಸ್ 2553ರ ಭಾಗ 2 ಎಂಬ ಮಾನದಂಡವಿದೆ. ಐಎಸ್‌ಐ ಗುರುತು ಮತ್ತು ಆ ಸಂಖ್ಯೆ ಮಾಸದ ಹಾಗೆ ಅಚ್ಚಾಗಿರಬೇಕು. ಆಮೇಲೆ ಅಂಚಿನ ಸುತ್ತ ಬೆಳಕು ಹಿಡಿದು ಕಣ್ಣಾಡಿಸಿ. ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದ್ದರೂ ವಾಪಸ್ ಕೊಡಿ.

"ಅಳತೆ ತನ್ನಿ, ಇಲ್ಲೇ ಕತ್ತರಿಸಿ ಕೊಡ್ತೀವಿ" ಎನ್ನುವ ಅಂಗಡಿಯವರೂ ಇದ್ದಾರೆ. ಟಫನ್ಡ್ ಗಾಜನ್ನು ಕತ್ತರಿಸಲು ಬರುವುದಿಲ್ಲವೆಂದು ಈಗ ನಿಮಗೆ ಗೊತ್ತು. ಹಾಗಾದರೆ ಅವರು ಕತ್ತರಿಸುವುದು ಮನೆ ಕಿಟಕಿಯ ಮಾಮೂಲಿ ಗಾಜು. ಅಪಘಾತವಾದರೆ ಅದು ಹರಳಾಗುವುದಿಲ್ಲ, ಉದ್ದುದ್ದ ಚೂಪು ತುಂಡಾಗಿ ನಿಮ್ಮ ಕುತ್ತಿಗೆಯ ಎತ್ತರದಲ್ಲೇ ನಿಂತಿರುತ್ತದೆ. ಎಷ್ಟೇ ಅಗ್ಗವಾದರೂ ಬೇಡ.

ಕಪ್ಪು ಗಾಜಿನ ಆಸೆ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ತಿಳಿದಿರಲಿ: ಪಕ್ಕದ ಗಾಜಿನಲ್ಲಿ ಕನಿಷ್ಠ 50 ಪ್ರತಿಶತ ಬೆಳಕು ಹಾಯಬೇಕು. ಅಂಗಡಿಯಲ್ಲಿ ಸಿಗುವ ಕಪ್ಪು ಫಿಲ್ಮ್ ತಂದು ಅಂಟಿಸುವುದಕ್ಕೆ ಸುಪ್ರೀಂ ಕೋರ್ಟ್ 2012ರಲ್ಲಿ ತಡೆ ಹಾಕಿತ್ತು.

ಗಾಜಿನ ಜೊತೆಗೇ ಕೊಳ್ಳಬೇಕಾದ್ದು ಇನ್ನೂ ಕೆಲವು ಇವೆ: ಗಾಜು ಓಡಾಡುವ ಚಾನೆಲ್ ರಬ್ಬರ್, ಗಾಜಿನ ಬುಡಕ್ಕೆ ಹಾಕುವ ಪ್ಯಾಕಿಂಗ್ ರಬ್ಬರ್, ಬಾಗಿಲ ಒಳಬದಿಯ ಹೊದಿಕೆಯಾದ ಡೋರ್ ಪ್ಯಾಡಿನ ಪ್ಲಾಸ್ಟಿಕ್ ಕ್ಲಿಪ್ ನಾಲ್ಕೈದು. ಹಳೆಯ ಕ್ಲಿಪ್ಪುಗಳಲ್ಲಿ ಒಂದೆರಡಾದರೂ ಮುರಿಯುತ್ತವೆ.

ಹಂತ 3: ಗಾಜು ಬರುವವರೆಗೆ ತಾತ್ಕಾಲಿಕ ಮುಚ್ಚಳ

ಗಾಜು ಮಾರನೇ ದಿನ ಬರುವುದಾದರೆ, ಮಳೆಯ ದಿನವಾದರೆ, ಕಿಟಕಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಕಟ್ಟಿ. ಹಾಳೆಯನ್ನು ಬಾಗಿಲ ಚೌಕಟ್ಟಿನ ಮೇಲಿನಿಂದ ಒಳಕ್ಕೆ ಮಡಚಿ, ಒಳಗಡೆ ಟೇಪು ಹಚ್ಚಿ, ಬಾಗಿಲು ಹಾಕಿದರೆ ಅದೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊರಗಿನ ಪೇಂಟಿಗೆ ಟೇಪು ಹಚ್ಚಿದರೆ ಬಿಸಿಲಿಗೆ ಕಾದು ಪೇಂಟನ್ನೇ ಎಬ್ಬಿಸಬಹುದು. ಪ್ಲಾಸ್ಟಿಕ್ಕಿನ ಮೂಲಕ ಸೈಡ್ ಮಿರರ್ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಇದು ಗಾಡಿ ನಿಲ್ಲಿಸಿಡಲು ಮಾತ್ರ, ರಾತ್ರಿ ಬಾಡಿಗೆಗೆ ಹೊರಡಲು ಅಲ್ಲ.

ಹಂತ 4: ಹರಳು ಬಾಚುವುದು, ಮೊದಲ ಸುತ್ತು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ, ಮಕ್ಕಳೂ ನಾಯಿ ದನಗಳೂ ಓಡಾಡದ ಕಡೆ ನಿಲ್ಲಿಸಿ. ಬಾಗಿಲ ಕೆಳಗೆ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ. ಚೌಕಟ್ಟಿನಲ್ಲಿ ಗಾಜು ಇನ್ನೂ ಅಂಟಿ ನಿಂತಿದ್ದರೆ ಒಳಗಿನಿಂದ ಅಡ್ಡಡ್ಡ ಟೇಪು ಹಚ್ಚಿ, ಮೇಲಿನಿಂದ ಮೆಲ್ಲಗೆ ಹೊರಕ್ಕೆ ತಳ್ಳಿ. ಟೇಪಿನ ಜೊತೆಗೇ ಹಾಳೆಯಂತೆ ಬಂದುಬಿಡುತ್ತದೆ.

ಸೀಟು, ಮ್ಯಾಟು, ಗೇರ್ ಲಿವರಿನ ಬುಡ, ಸೀಟ್ ಬೆಲ್ಟಿನ ಬಕಲು, ಡ್ಯಾಶ್‌ಬೋರ್ಡಿನ ಗಾಳಿ ಕಿಂಡಿ, ಎಲ್ಲ ಕಡೆಯೂ ಹರಳು ಸೇರಿರುತ್ತವೆ. ಗ್ಯಾರೇಜಿನ ಏರ್ ಪೈಪ್ ಹಿಡಿದು ಊದಬೇಡಿ, ಹರಳು ಕಣ್ಣಿಗೇ ಬರುತ್ತದೆ. ಬ್ರಷ್ ಮತ್ತು ವ್ಯಾಕ್ಯೂಮ್ ಸಾಕು. ಕೊನೆಗೆ ಅಗಲದ ಟೇಪನ್ನು ಅಂಟು ಹೊರಗಾಗಿ ಕೈಗೆ ಸುತ್ತಿಕೊಂಡು ಸೀಟಿನ ಮೇಲೆ ಒತ್ತುತ್ತಾ ಹೋದರೆ ಕಣ್ಣಿಗೆ ಕಾಣದ ಚೂರೂ ಎದ್ದು ಬರುತ್ತದೆ.

ಹಂತ 5: ಹ್ಯಾಂಡಲ್ ಬಿಚ್ಚುವುದು

ಹೊಸಬರು ಸೋಲುವುದು ಇಲ್ಲೇ. ಗಾಜು ತಿರುಗಿಸುವ ಹ್ಯಾಂಡಲ್ಲಿಗೆ ಸ್ಕ್ರೂ ಕಾಣುವುದಿಲ್ಲ, ಎಳೆದರೆ ಬರುವುದಿಲ್ಲ, ಮೀಟಿದರೆ ಮುರಿಯುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ಮೇಲಿನ ಸಣ್ಣ ಮುಚ್ಚಳ ಎಬ್ಬಿಸಿದರೆ ಒಳಗೆ ಸ್ಕ್ರೂ ಸಿಗುತ್ತದೆ. ಅದಿಲ್ಲವಾದರೆ ಹ್ಯಾಂಡಲ್ಲಿನ ಹಿಂದೆ ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ತಂತಿ ಅಡಗಿ ಕೂತಿದೆ ಎಂದು ತಿಳಿಯಿರಿ.

ಎರಡು ಬೆರಳಗಲದ ಹತ್ತಿ ಬಟ್ಟೆ ಪಟ್ಟಿಯನ್ನು ಹ್ಯಾಂಡಲ್ಲಿಗೂ ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಗೂ ನಡುವೆ ತೂರಿಸಿ. ಎರಡು ತುದಿ ಹಿಡಿದು, ಮಜ್ಜಿಗೆ ಕಡೆಯುವ ಹಗ್ಗದಂತೆ ಆ ಕಡೆ ಈ ಕಡೆ ಎಳೆಯಿರಿ. ಬಟ್ಟೆಯ ಎಳೆ ಲಾಳದ ತುದಿಗೆ ಸಿಕ್ಕಿ ಅದನ್ನು ಹೊರಕ್ಕೆ ತಳ್ಳುತ್ತದೆ. 'ಟಿಕ್' ಎಂದು ಹಾರಿ ಎಲ್ಲೋ ಬೀಳುವುದು ಅದರ ಜಾಯಮಾನ. ನನ್ನದು ಗೊಬ್ಬರದ ಚೀಲದ ಹಿಂದೆ ಸಿಕ್ಕಿತು, ಕಾಲು ಗಂಟೆ ಹುಡುಕಿದ ಮೇಲೆ. ಎಳೆಯುವಾಗ ಜೊತೆಗಿರುವವರು ಕೆಳಗೆ ಟವೆಲ್ ಹಿಡಿದಿರಲಿ.

ಹ್ಯಾಂಡಲ್ ತೆಗೆಯುವ ಮುಂಚೆ ಇನ್ನೊಂದು ಬಾಗಿಲು ನೋಡಿ. ಗಾಜು ಪೂರ್ತಿ ಏರಿದಾಗ ಅಲ್ಲಿ ಹ್ಯಾಂಡಲ್ ಯಾವ ದಿಕ್ಕಿಗೆ ನಿಲ್ಲುತ್ತದೋ ಅದರ ಫೋಟೊ ಇರಲಿ. ಇಲ್ಲವಾದರೆ ಕೊನೆಗೆ ಅದು ಮೊಣಕಾಲಿಗೆ ತಾಗುವ ಹಾಗೆ ಕೂತುಬಿಡುತ್ತದೆ.

ಹಂತ 6: ಡೋರ್ ಪ್ಯಾಡ್ ಮತ್ತು ಪ್ಲಾಸ್ಟಿಕ್ ಹಾಳೆ

ಕೈ ಹಿಡಿಯ ಸ್ಕ್ರೂ, ಬಾಗಿಲು ತೆಗೆಯುವ ಒಳ ಹಿಡಿಕೆಯ ಬಟ್ಟಲಿನೊಳಗಿನ ಸ್ಕ್ರೂ, ಲಾಕಿನ ಗುಬಟು, ಇವನ್ನೆಲ್ಲ ಬಿಚ್ಚಿ. ಆಮೇಲೆ ಪ್ಯಾಡಿನ ಕೆಳಮೂಲೆಯಲ್ಲಿ ಸ್ಕೇಲ್ ತೂರಿಸಿ, ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ಮೀಟಿ. ಕ್ಲಿಪ್ಪಿನಿಂದ ದೂರ ಹಿಡಿದು ಎಳೆದರೆ ಪ್ಯಾಡಿನ ಹಲಗೆಯೇ ಹರಿದು ಕ್ಲಿಪ್ ಬಾಗಿಲಲ್ಲೇ ಉಳಿಯುತ್ತದೆ. ಸುತ್ತಲೂ ಬಿಟ್ಟ ಮೇಲೆ ಪ್ಯಾಡನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಸ್ಪೀಕರ್ ತಂತಿ ಇದ್ದರೆ ಮೊದಲು ಅದರ ಪ್ಲಗ್ ಬಿಡಿಸಿ. ಪವರ್ ವಿಂಡೋ ಗಾಡಿಯಾದರೆ ಕೆಲಸ ಶುರು ಮಾಡುವ ಮುಂಚೆಯೇ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಸ್ವಿಚ್ ಅಪ್ಪಿತಪ್ಪಿ ಒತ್ತಿ ಒಳಗಿನ ಕೈಗೆ ಪೆಟ್ಟಾಗುವುದು ಬೇಡ.

ಪ್ಯಾಡಿನ ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಹಲವರು ಅದನ್ನು ಹರಿದು ಎಸೆದುಬಿಡುತ್ತಾರೆ. ಗಾಜಿನ ಬದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಕ್ಯಾಬಿನ್ನಿಗೆ ಬಾರದಂತೆ ತಡೆಯುವುದು ಇದೇ. ಬ್ಲೇಡಿನಿಂದ ಅಂಟನ್ನು ನಿಧಾನ ಸೀಳಿ, ಹಾಳೆ ಹರಿಯದಂತೆ ಬಿಡಿಸಿ ನೆರಳಿನಲ್ಲಿ ಇಡಿ. ಆಗಲೇ ಹರಿದಿದ್ದರೆ ಅದನ್ನೇ ಅಳತೆಗಿಟ್ಟು ದಪ್ಪ ಪಾಲಿಥೀನ್ ಕತ್ತರಿಸಿಕೊಳ್ಳಿ.

ಹಂತ 7: ಬಾಗಿಲ ಹೊಟ್ಟೆ

ಮೇಸ್ತ್ರಿ ಹೇಳಿದ ಕೆಲಸ ಈಗ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಬಾಗಿಲ ತಳದಲ್ಲಿ ಸೇರಿನಷ್ಟು ಹರಳು ಬಿದ್ದಿರುತ್ತವೆ. ಕೈಗವಸು ಹಾಕಿಕೊಂಡು, ದೊಡ್ಡದನ್ನು ಬಾಚಿ ಗೋಣಿಗೆ ಹಾಕಿ, ಉಳಿದದ್ದನ್ನು ವ್ಯಾಕ್ಯೂಮ್ ಪೈಪಿನಿಂದ ಎಳೆಯಿರಿ. ಹರಳಿನ ಜೊತೆ ವರ್ಷಗಟ್ಟಲೆ ಕೂತ ಮಣ್ಣು, ಎಲೆ ಚೂರು, ಕಳೆದುಹೋದ ನಾಣ್ಯವೂ ಬರುತ್ತವೆ. ಬಾಗಿಲ ತಳದ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ಕಿಂಡಿಗಳಿವೆ. ಹಂಚಿಕಡ್ಡಿ ತೂರಿಸಿ ಅವನ್ನು ಬಿಡಿಸಿ, ಒಂದು ಚೊಂಬು ನೀರು ಹೊಯ್ದು ಹೊರಗೆ ಬರುತ್ತದೋ ನೋಡಿ. ಈ ಕಿಂಡಿ ಕಟ್ಟಿದ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಆಮೇಲೆ ಚಾನೆಲ್. ಗಾಜಿನ ಎರಡು ಬದಿ ಮತ್ತು ನೆತ್ತಿ ಓಡಾಡುವ, ಒಳಗೆ ಮಖಮಲ್ಲಿನಂಥ ಹೊದಿಕೆಯಿರುವ ರಬ್ಬರ್ ಹಳ್ಳ ಅದು. ನಾನು ತಪ್ಪಿದ್ದು ಇಲ್ಲಿ. ತಳ ಚೊಕ್ಕ ಮಾಡಿದ ಖುಷಿಯಲ್ಲಿ ಚಾನೆಲ್ಲಿಗೆ ಬಟ್ಟೆ ಆಡಿಸಿ ಮುಂದೆ ಹೋದೆ. ಹೊಸ ಗಾಜು ಹಾಕಿ ಮೂರು ಸಲ ಏರಿಸಿ ಇಳಿಸುವಷ್ಟರಲ್ಲಿ 'ಕಿರ್ರ್' ಎಂದಿತು. ಹಳ್ಳದಲ್ಲಿ ಉಳಿದಿದ್ದ ಒಂದೇ ಒಂದು ಹರಳು, ಗಾಜಿನ ಮೈಮೇಲೆ ಗೇಣುದ್ದ ಗೀರು. ಆ ಗೀರು ಈಗಲೂ ಇದೆ, ಎದುರು ಬಿಸಿಲಿಗೆ ದಿನಾ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಚಾನೆಲ್ ರಬ್ಬರನ್ನು ಹಳ್ಳದಿಂದ ಎಳೆದು ಹೊರತೆಗೆಯಿರಿ, ತಲೆಕೆಳಗೆ ಹಿಡಿದು ತಟ್ಟಿ, ಉದ್ದಕ್ಕೂ ಬ್ರಷ್ ಆಡಿಸಿ. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಹೊಸದನ್ನೇ ಹಾಕಿ. ಕಿಟಕಿಯ ಬುಡದಲ್ಲಿ ಒಳಗೂ ಹೊರಗೂ ಇರುವ ಉದ್ದ ಬೀಡಿಂಗುಗಳ ತುಟಿ ಎತ್ತಿ ಅಲ್ಲೂ ಬ್ರಷ್ ಆಡಿಸಿ. ಎಲ್ಲ ಮುಗಿದ ಮೇಲೆ ಬಾಗಿಲಿಗೆ ಅಂಗೈಯಿಂದ ನಾಲ್ಕು ಸಲ ಬಡಿದು ಕಿವಿಗೊಡಿ. ಒಳಗೆ 'ಕಿಲಕಿಲ' ಎಂದರೆ ಇನ್ನೂ ಇದೆ ಎಂದರ್ಥ. ಸದ್ದು ನಿಲ್ಲುವವರೆಗೆ ಮುಂದಿನ ಹಂತ ಬೇಡ.

ಹಂತ 8: ಗ್ಲಾಸ್ ಮಷಿನ್ ಮತ್ತು ಬುಡದ ಪಟ್ಟಿ

ಹ್ಯಾಂಡಲ್ ತಿರುಗಿಸಿದಾಗ ಗಾಜನ್ನು ಎತ್ತುವ ಕತ್ತರಿಯಂಥ ತೋಳನ್ನು ಗ್ಯಾರೇಜಿನವರು ಗ್ಲಾಸ್ ಮಷಿನ್ ಎನ್ನುತ್ತಾರೆ. ಹ್ಯಾಂಡಲ್ಲನ್ನು ಕೈಯಲ್ಲೇ ಒತ್ತಿ ಕೂರಿಸಿ ತಿರುಗಿಸಿ ನೋಡಿ. ಹಲ್ಲು ಜಾರಿದರೆ, ತೋಳು ಬಾಗಿದ್ದರೆ ಅದನ್ನೂ ಈಗಲೇ ಬದಲಿಸಿ. ಸರಿಯಿದ್ದರೆ ಹಲ್ಲಿಗೂ ಕೀಲಿಗೂ ಸ್ವಲ್ಪ ಗ್ರೀಸ್ ಹಚ್ಚಿ. ಚಾನೆಲ್ ರಬ್ಬರಿಗೆ ಗ್ರೀಸನ್ನಾಗಲೀ ಎಂಜಿನ್ ಆಯಿಲನ್ನಾಗಲೀ ಹಚ್ಚಕೂಡದು. ಎಣ್ಣೆಗೆ ರಬ್ಬರ್ ಉಬ್ಬಿ ಕೆಡುತ್ತದೆ, ಧೂಳೂ ಹಿಡಿಯುತ್ತದೆ. ಅಲ್ಲಿಗೆ ಸಿಲಿಕೋನ್ ಸ್ಪ್ರೇ, ಇಲ್ಲವೇ ಸ್ವಲ್ಪ ಟಾಲ್ಕಮ್ ಪೌಡರ್ ಸಾಕು.

ಗಾಜು ಮಷಿನ್ನಿಗೆ ಸೇರುವ ಬಗೆ ಎರಡು. ಒಂದರಲ್ಲಿ ಗಾಜಿನ ಬುಡ ಉಕ್ಕಿನ ಪಟ್ಟಿಯೊಳಗೆ, ರಬ್ಬರ್ ಪ್ಯಾಕಿಂಗ್ ಸಮೇತ ಬಿಗಿಯಾಗಿ ಕೂತಿರುತ್ತದೆ. ಇನ್ನೊಂದರಲ್ಲಿ ಗಾಜಿಗೇ ತೂತಿದ್ದು, ಪ್ಲಾಸ್ಟಿಕ್ ಬುಶ್ ಹಾಕಿ ಬೋಲ್ಟ್ ಬಿಗಿಯುತ್ತಾರೆ.

ಪಟ್ಟಿಯ ಬಗೆಯದ್ದಾದರೆ, ಬೋಲ್ಟ್ ಬಿಚ್ಚಿ ಪಟ್ಟಿ ಹೊರತೆಗೆದು ಅದರಲ್ಲಿ ಕಚ್ಚಿಕೊಂಡ ಹಳೆಯ ಚೂರು, ರಬ್ಬರ್ ಎಲ್ಲ ಕಿತ್ತು ತೊಳೆಯಿರಿ. ಗಾಜಿನ ಮುಂದಿನ ಅಂಚಿನಿಂದ ಪಟ್ಟಿ ಎಷ್ಟು ದೂರದಲ್ಲಿ ಕೂರಬೇಕು ಎಂಬುದು ಮುಖ್ಯ. ಒಡೆದ ಗಾಜಿನಿಂದ ಆ ಅಳತೆ ಸಿಗದಿದ್ದರೆ ಇನ್ನೊಂದು ಬಾಗಿಲ ಪ್ಯಾಡ್ ಬಿಚ್ಚಿ ಅಳೆಯಿರಿ. ಬೇಸರದ ಕೆಲಸ ನಿಜ, ಆದರೆ ಬೆರಳಗಲ ತಪ್ಪಿದರೂ ಗಾಜು ಓರೆಯಾಗಿ ಏರುತ್ತದೆ. ಹೊಸ ಗಾಜನ್ನು ಮಡಚಿದ ಕಂಬಳಿಯ ಮೇಲೆ ನೆತ್ತಿ ಕೆಳಗಾಗಿ ನಿಲ್ಲಿಸಿ, ಬುಡಕ್ಕೆ ಪ್ಯಾಕಿಂಗ್ ರಬ್ಬರ್ ಮಡಚಿ ಹೊದಿಸಿ, ಸೋಪಿನ ನೀರು ಸವರಿ, ಪಟ್ಟಿಯನ್ನು ಅಂಗೈಯಿಂದ ಒತ್ತಿ ಕೂರಿಸಿ. ಬಗ್ಗದಿದ್ದರೆ ಪಟ್ಟಿಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆ ಹತ್ತಿರಕ್ಕೂ ಬರಕೂಡದು.

ತೂತಿನ ಬಗೆಯದ್ದಾದರೆ ಬುಶ್ ಎರಡೂ ಕಡೆ ಇದೆಯೋ ನೋಡಿ. ಕಬ್ಬಿಣ ನೇರ ಗಾಜಿಗೆ ತಾಗಿದರೆ ಮೊದಲ ಹಳ್ಳಕೊಳ್ಳದ ರಸ್ತೆಯಲ್ಲೇ ಗಾಜು ಹೋಯಿತೆಂದು ತಿಳಿಯಿರಿ.

ಹಂತ 9: ಗಾಜು ಇಳಿಸುವುದು

ಮಷಿನ್ನನ್ನು, ಅದರ ಬೋಲ್ಟ್ ಜಾಗ ಬಾಗಿಲ ಒಳಗಿಂಡಿಗೆ ಕಾಣುವಷ್ಟು, ಅರ್ಧಕ್ಕೆ ಇಳಿಸಿಕೊಳ್ಳಿ. ಇಬ್ಬರು ನಿಂತು, ಗಾಜಿನ ಮುಂದಿನ ಮೂಗನ್ನು ಕೆಳಕ್ಕೆ ಓರೆ ಮಾಡಿ, ಒಳ ಹೊರ ಬೀಡಿಂಗುಗಳ ನಡುವಿನ ಸಂದಿಯಲ್ಲಿ ಮೇಲಿನಿಂದ ಇಳಿಸಿ. ಕೆಲವು ಬಾಗಿಲಿಗೆ ಹೊರಗಿನಿಂದ ಇಳಿಸುವುದು ಸಲೀಸು, ಕೆಲವಕ್ಕೆ ಒಳಗಿನಿಂದ. ಜಾಗ ಸಾಲದಿದ್ದರೆ ಬೀಡಿಂಗ್ ಕಳಚಿ ಹಾಕಿ, ನಡುವಿನ ಕಂಬಿ ಇರುವ ಗಾಡಿಯಲ್ಲಿ ಕಂಬಿಯ ಕೆಳಗಿನ ಬೋಲ್ಟ್ ಸಡಿಲಿಸಿ. ಬಲ ಹಾಕಿ ಒತ್ತುವುದು ಮಾತ್ರ ಬೇಡ. ಗಾಜು ಇಳಿಯುತ್ತಿಲ್ಲವೆಂದರೆ ಓರೆ ತಪ್ಪಿದೆ ಎಂದರ್ಥ. ತೆಗೆದು ಮತ್ತೆ ಹಿಡಿಯಿರಿ.

ಒಳಗಿಳಿದ ಮೇಲೆ ನೇರ ಮಾಡಿ, ಮೊದಲು ಹಿಂದಿನ ಅಂಚು ಚಾನೆಲ್ಲಿಗೆ, ಆಮೇಲೆ ಮುಂದಿನ ಅಂಚು. ಒಬ್ಬರು ಮೇಲಿನಿಂದ ಹಿಡಿದಿರಲಿ, ಇನ್ನೊಬ್ಬರು ಒಳಗೆ ಕೈ ಹಾಕಿ ಬೋಲ್ಟನ್ನು ಬೆರಳಿನಿಂದ ತಿರುಗುವಷ್ಟು ಮಾತ್ರ ಹಾಕಲಿ. ಒಬ್ಬರೇ ಇದ್ದರೆ ಗಾಜನ್ನು ಎರಡು ಉದ್ದ ಟೇಪಿನಿಂದ ಚೌಕಟ್ಟಿನ ನೆತ್ತಿಗೆ ಕಟ್ಟಿ ನಿಲ್ಲಿಸಿ.

ಹ್ಯಾಂಡಲ್ ಹಿಡಿದು ಗಾಜನ್ನು ನಿಧಾನ ಪೂರ್ತಿ ಏರಿಸಿ. ಬೋಲ್ಟ್ ಸಡಿಲವಿರುವುದರಿಂದ ಗಾಜು ಚಾನೆಲ್ಲಿನಲ್ಲಿ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ನೆತ್ತಿಯ ಅಂಚು ಎರಡೂ ಕಡೆ ಸಮವಾಗಿ ರಬ್ಬರ್ ಸೇರಿದ್ದು ಕಂಡ ಮೇಲೆ, ಬೋಲ್ಟಿಗೆ ಕೈ ಸಿಗುವಷ್ಟು ಗಾಜನ್ನು ಅಲುಗದಂತೆ ಇಳಿಸಿ, ಬಿಗಿಯಿರಿ. ಗಿಡ್ಡ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲದಷ್ಟು ಸಾಕು. ಚಕ್ರದ ನಟ್ಟಿನಂತೆ ಒದ್ದು ಬಿಗಿದರೆ ಗಾಜು ಅಲ್ಲೇ ಹರಳಾಗುತ್ತದೆ.

ಹಂತ 10: ಪರೀಕ್ಷೆ, ಆಮೇಲೆ ಮುಚ್ಚುವುದು

ಪ್ಯಾಡ್ ಹಾಕುವ ಮುಂಚೆಯೇ ಗಾಜನ್ನು ಐದಾರು ಸಲ ಏರಿಸಿ ಇಳಿಸಿ. ಅರ್ಧ ಇಳಿಸಿ ಬಾಗಿಲನ್ನು ಮೆಲ್ಲಗೆ ಹಾಕಿ ತೆಗೆಯಿರಿ. ತೊಂದರೆ ಕಂಡರೆ ಕಾರಣ ಹೀಗೆ ಹುಡುಕಿ:

ಗಾಜು ಏರುವಾಗ ಒಂದು ಮೂಲೆ ಮುಂದೆ ಓಡಿದರೆ, ಬುಡದ ಪಟ್ಟಿ ಜಾಗ ತಪ್ಪಿದೆ ಅಥವಾ ಒಂದು ಬೋಲ್ಟ್ ಸಡಿಲವಿದೆ.

ಹ್ಯಾಂಡಲ್ ತೀರಾ ಬಿಗಿಯಾದರೆ, ಚಾನೆಲ್ ರಬ್ಬರ್ ಎಲ್ಲೋ ಮಡಚಿಕೊಂಡಿದೆ. ಎಣ್ಣೆ ಹಚ್ಚಿ ಮರೆಮಾಚಬೇಡಿ, ಬಿಡಿಸಿ ಮತ್ತೆ ಕೂರಿಸಿ.

ಗಾಜು ಲಟಲಟ ಎಂದರೆ, ರಬ್ಬರ್ ಸವೆದಿದೆ. ಇದು ಕಿವಿಗೆ ಕಿರಿಕಿರಿ ಮಾತ್ರವಲ್ಲ, ಮುಂದಿನ ಸಲ ಗಾಜು ಒಡೆಯುವ ಕಾರಣವೂ ಹೌದು. ಸಡಿಲ ಗಾಜಿನ ಅಂಚು ಪ್ರತಿ ಗುಂಡಿಗೂ ಕಬ್ಬಿಣಕ್ಕೆ ತಾಗುತ್ತಿರುತ್ತದೆ.

ಓಡುವಾಗ ಸೀಟಿ ಹೊಡೆದಂತೆ ಗಾಳಿ ಬಂದರೆ, ನೆತ್ತಿಯ ರಬ್ಬರಿಗೆ ಗಾಜು ಪೂರ್ತಿ ಸೇರಿಲ್ಲ.

ಎಲ್ಲ ಸರಿಯಿದ್ದರೆ ಪೈಪಿನಿಂದ ಗಾಜಿನ ಮೇಲೆ ನೀರು ಬಿಡಿ. ನೀರು ಬಾಗಿಲೊಳಗೆ ಇಳಿಯುವುದು ಸಹಜ, ತಳದ ಕಿಂಡಿಯಿಂದ ಹೊರಗೆ ಬಂದರಾಯಿತು. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಒತ್ತಿ ಅಂಟಿಸಿ. ಕೆಳ ಅಂಚು ಮೊದಲು ಹೇಗೆ ಒಳಕ್ಕೆ ಸೇರಿತ್ತೋ ಹಾಗೇ ಸೇರಿಸಿ. ಪ್ಯಾಡನ್ನು ಮೇಲಿನ ಅಂಚಿಗೆ ಸಿಕ್ಕಿಸಿ, ಕ್ಲಿಪ್ಪುಗಳನ್ನು ಅಂಗೈಯಿಂದ ಒಂದೊಂದಾಗಿ ತಟ್ಟಿ, ಸ್ಕ್ರೂ ಹಾಕಿ. ಹ್ಯಾಂಡಲ್ಲಿಗೆ ಲಾಳದ ಸ್ಪ್ರಿಂಗನ್ನು ಮೊದಲೇ ತೊಡಿಸಿ, ಗಾಜು ಏರಿದ ಸ್ಥಿತಿಯಲ್ಲಿ ಫೋಟೊದ ದಿಕ್ಕಿಗೆ ಹಿಡಿದು ಒತ್ತಿದರೆ 'ಟಿಕ್' ಎಂದು ಕೂರುತ್ತದೆ. ಲಾಕು, ಒಳ ಹೊರ ಹಿಡಿಕೆ ಎಲ್ಲ ಕೆಲಸ ಮಾಡುತ್ತವೆಯೋ ನೋಡಿ ಆಮೇಲೆ ಬಾಗಿಲು ಹಾಕಿ.

ವಾರ ಕಳೆದ ಮೇಲೆ ಸೀಟಿನ ಕೆಳಗೆ ಇನ್ನೊಮ್ಮೆ ಬ್ರಷ್ ಆಡಿಸಿ. ಎಷ್ಟು ಬಾಚಿದರೂ ಗಾಡಿ ಕುಲುಕಿದಂತೆ ನಾಲ್ಕು ಹರಳು ಎಲ್ಲಿಂದಲೋ ಹೊರಬರುತ್ತವೆ.

ಕೊನೆಯದು, ಬಿಡಬಾರದ್ದು

ಗೋಣಿಯಲ್ಲಿ ತುಂಬಿದ ಹರಳನ್ನು ತೋಟದ ಮೂಲೆಗೋ ರಸ್ತೆ ಬದಿಯ ಚರಂಡಿಗೋ ಸುರಿಯಬೇಡಿ. ಅದು ಕರಗುವುದಿಲ್ಲ, ಕೊಳೆಯುವುದಿಲ್ಲ. ನಾಳೆ ಬರಿಗಾಲಲ್ಲಿ ಅಡಿಕೆ ಹೆಕ್ಕುವವರ ಕಾಲಿಗೋ ಮೇಯುವ ದನದ ಬಾಯಿಗೋ ಸಿಗುತ್ತದೆ. ಗೋಣಿಯನ್ನು ಎರಡು ಪದರ ಮಾಡಿ ಬಾಯಿ ಕಟ್ಟಿ, ಗುಜರಿಯವರು ಕೊಂಡರೆ ಅವರಿಗೆ ಕೊಡಿ. ಪೇಟೆಯಲ್ಲಾದರೆ ಒಣಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ, ಹಸಿಕಸದ ಜೊತೆ ಬೆರೆಸಬೇಡಿ. ಕೊಡುವ ಮುಂಚೆ ಗೋಣಿಯ ಮೇಲೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ 'ಗಾಜು' ಎಂದು ಬರೆಯಿರಿ. ನೀವು ದಪ್ಪ ಕೈಗವಸು ಹಾಕಿಕೊಂಡು ತೆಗೆದದ್ದನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಎತ್ತುತ್ತಿರಬಹುದು.